ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಮುನ್ನ ಮತ್ತು ನಂತರ ಕೀಲುನೋವನ್ನು ನಿಭಾಯಿಸುವುದು ಹೇಗೆ?

ಪ್ರಶ್ನೆ ಕೇಳಿದವರು

ಎಲ್ಲರಿಗೂ ನಮಸ್ಕಾರ. ನನಗೆ ಐವತ್ತೆರಡು ವರ್ಷ. ಎರಡೂ ಮಂಡಿಗಳಲ್ಲಿ ಕೀಲು ಸವೆತವಿದ್ದು, ಬಲಮಂಡಿಯ ಒಳಬದಿಯಲ್ಲಿ ಮೃದ್ವಸ್ಥಿ ಬಹುಪಾಲು ಹೋಗಿಬಿಟ್ಟಿದೆ ಎಂದು ಎಕ್ಸ್‌ರೇ ನೋಡಿದ ಮೂಳೆ ವೈದ್ಯರು ಹೇಳಿದ್ದಾರೆ. ತೂಕ 118 ಕಿಲೋ, ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 44. ಮಂಡಿ ಬದಲಿಸುವ ಮೊದಲು ತೂಕ ಇಳಿಸಿಕೊಂಡು ಬನ್ನಿ ಎಂದು ಅವರು ಕಳುಹಿಸಿದರು. ತೂಕ ಇಳಿಯಬೇಕಾದರೆ ಓಡಾಡಬೇಕು, ಓಡಾಡಲು ಮಂಡಿ ಬಿಡುವುದಿಲ್ಲ. ಹೀಗೆಯೇ ನಾಲ್ಕು ವರ್ಷ ಕಳೆದವು. ಕೊನೆಗೆ ಗ್ಯಾಸ್ಟ್ರಿಕ್ ಬೈಪಾಸ್ ಮಾಡಿಸಿಕೊಳ್ಳಲು ಒಪ್ಪಿದ್ದೇನೆ. ದಿನಾಂಕಕ್ಕೆ ಇನ್ನು ಏಳು ವಾರಗಳಿವೆ.

ನನ್ನ ಚಿಂತೆ ಶಸ್ತ್ರಚಿಕಿತ್ಸೆಯದ್ದಲ್ಲ, ಮಾತ್ರೆಯದ್ದು. ಆರು ವರ್ಷಗಳಿಂದ ಬೆಳಿಗ್ಗೆ ಒಂದು, ರಾತ್ರಿ ಒಂದು ಡೈಕ್ಲೋಫೆನಾಕ್ ಮಾತ್ರೆಯ ಬಲದಿಂದಲೇ ಕೆಲಸಕ್ಕೆ ಹೋಗಿ ಬರುತ್ತಿದ್ದೇನೆ. ಬೈಪಾಸ್ ಆದ ಮೇಲೆ ಈ ಜಾತಿಯ ಮಾತ್ರೆಯನ್ನು ಜೀವಮಾನವಿಡೀ ಮುಟ್ಟುವ ಹಾಗಿಲ್ಲ ಎಂದು ಶಸ್ತ್ರಚಿಕಿತ್ಸಕರು ಹೇಳಿದರು. ಹಾಗಾದರೆ ನೋವಿಗೆ ಏನು ಮಾಡಬೇಕು ಎಂದು ಕೇಳುವಷ್ಟರಲ್ಲಿ ನನಗೆ ಕೊಟ್ಟಿದ್ದ ಸಮಯ ಮುಗಿದಿತ್ತು. ತೂಕ ಇಳಿಯುವವರೆಗಿನ ತಿಂಗಳುಗಳನ್ನು ನೀವೆಲ್ಲ ಹೇಗೆ ಕಳೆದಿರಿ? ಈ ಏಳು ವಾರಗಳಲ್ಲಿ ನಾನು ಮಾಡಿಕೊಳ್ಳಬೇಕಾದ ಸಿದ್ಧತೆ ಏನಾದರೂ ಇದೆಯೇ? ದಯವಿಟ್ಟು ಅನುಭವವಿದ್ದವರು ವಿವರವಾಗಿ ಬರೆಯಿರಿ.

ಬೈಪಾಸ್ ಆಗಿ ನಾಲ್ಕು ವರ್ಷವಾದವರು

ನೀವು ಈ ಪ್ರಶ್ನೆಯನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಕೇಳಿದ್ದು ನನಗೆ ಎಷ್ಟೋ ಸಮಾಧಾನ ತಂದಿತು, ಏಕೆಂದರೆ ನಾನು ಕೇಳದೆ ಹೋಗಿ ಅದರ ಫಲವನ್ನು ಅನುಭವಿಸಿದವಳು.

ಮೊದಲಿಗೆ ಆ ನಿಷೇಧ ಏಕೆ ಎಂಬುದನ್ನು ತಿಳಿದುಕೊಳ್ಳಿ. ಕಾರಣ ತಿಳಿದರೆ ಪಾಲಿಸುವುದು ಸುಲಭವಾಗುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೇನ್, ನ್ಯಾಪ್ರೊಕ್ಸೆನ್, ಅಸಿಕ್ಲೋಫೆನಾಕ್ ಮುಂತಾದ ಉರಿಯೂತ ತಗ್ಗಿಸುವ ಮಾತ್ರೆಗಳು ದೇಹದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತುವಿನ ತಯಾರಿಕೆಯನ್ನು ತಡೆಯುತ್ತವೆ. ಕೀಲಿನಲ್ಲಿ ನೋವು ಮತ್ತು ಊತವನ್ನು ಹೆಚ್ಚಿಸುವುದು ಆ ವಸ್ತುವೇ, ಹೊಟ್ಟೆಯ ಒಳಪದರವನ್ನು ಆಮ್ಲದಿಂದ ಕಾಯುವುದೂ ಅದೇ. ಬೈಪಾಸ್‌ನಲ್ಲಿ ಜಠರದ ಮೇಲ್ಭಾಗವನ್ನು ಸುಮಾರು 30 ಮಿಲಿಲೀಟರ್ ಹಿಡಿಯುವ ಪುಟ್ಟ ಚೀಲವನ್ನಾಗಿ ಮಾಡಿ, ಅದಕ್ಕೆ ಸಣ್ಣ ಕರುಳಿನ ಒಂದು ಭಾಗವನ್ನು ನೇರವಾಗಿ ಜೋಡಿಸುತ್ತಾರೆ. ಆ ಕರುಳಿನ ಭಾಗಕ್ಕೆ ಆಮ್ಲವನ್ನು ತಡೆದುಕೊಂಡು ಅಭ್ಯಾಸವಿಲ್ಲ. ರಕ್ಷಣೆಯೂ ಕಡಿಮೆಯಾಗಿ ಆಮ್ಲವೂ ತಗುಲಿದಾಗ ಜೋಡಣೆಯ ಅಂಚಿನಲ್ಲಿಯೇ ಹುಣ್ಣಾಗುತ್ತದೆ. ಅದು ರಕ್ತ ಸುರಿಸಬಹುದು, ತೂತಾಗಲೂಬಹುದು. ಮಾತ್ರೆಯ ಬದಲು ಚುಚ್ಚುಮದ್ದು ತೆಗೆದುಕೊಂಡರೆ ಅಥವಾ ಗುದದ್ವಾರದ ಮೂಲಕ ಬಳಸಿದರೆ ಅಪಾಯವಿಲ್ಲವೆಂದು ಕೆಲವರು ನಂಬಿದ್ದಾರೆ. ಅದು ತಪ್ಪು, ಔಷಧ ರಕ್ತಕ್ಕೆ ಸೇರಿದ ಮೇಲೆ ಪರಿಣಾಮ ಒಂದೇ. ಧೂಮಪಾನವೂ ಇದೇ ಹುಣ್ಣಿಗೆ ದೊಡ್ಡ ಕಾರಣ ಎಂಬುದನ್ನು ನೆನಪಿಡಿ.

ನನ್ನ ಕಥೆ ಹೀಗಿದೆ. ಬೈಪಾಸ್ ಆದ ಹದಿನಾಲ್ಕನೆಯ ತಿಂಗಳಲ್ಲಿ ಮಳೆಗೆ ಜಾರಿ ಬಿದ್ದು ಮಂಡಿ ಊದಿಕೊಂಡಿತು. ಪ್ಯಾರಾಸಿಟಮಾಲ್ ಎಂದು ತಿಳಿದು ತೆಗೆದುಕೊಂಡ ಮಾತ್ರೆಯಲ್ಲಿ ಅಸಿಕ್ಲೋಫೆನಾಕ್ ಕೂಡ ಬೆರೆತಿತ್ತು. ಪಟ್ಟಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ನಾನು ಓದಿರಲಿಲ್ಲ. ನೋವು ಮಾಯವಾದ ಖುಷಿಯಲ್ಲಿ ಮೂರು ವಾರ ನುಂಗಿದೆ. ಆಮೇಲೆ ಎದೆಗೂಡಿನ ಕೆಳಗೆ ಕೊರೆಯುವಂತಹ ನೋವು ಶುರುವಾಯಿತು, ಮಲ ಡಾಂಬರಿನಂತೆ ಕಪ್ಪಾಯಿತು. ಎಂಡೋಸ್ಕೋಪಿಯಲ್ಲಿ ಹುಣ್ಣು ಕಂಡಿತು. ಆಮ್ಲ ತಗ್ಗಿಸುವ ಕ್ಯಾಪ್ಸೂಲನ್ನು ಬಿಡಿಸಿ ಒಳಗಿನ ಕಾಳುಗಳನ್ನು ಸೇವಿಸಲು ವೈದ್ಯರು ಸೂಚಿಸಿದರು, ಏಕೆಂದರೆ ಸಣ್ಣ ಚೀಲದಿಂದ ಇಡೀ ಕ್ಯಾಪ್ಸೂಲ್ ಕರಗುವ ಮೊದಲೇ ಮುಂದಕ್ಕೆ ಸಾಗಿಬಿಡುತ್ತದೆ. ಮೂರು ತಿಂಗಳ ನಂತರ ವಾಸಿಯಾಯಿತು. ಆದ್ದರಿಂದ ಮನೆಯವರಿಗೆಲ್ಲ ಹೇಳಿಡಿ, ಹಲ್ಲಿನ ವೈದ್ಯರಿಗೂ ಹೇಳಿ, ನಿಮಗೆ ಬೈಪಾಸ್ ಆಗಿದೆ ಎಂಬ ಚೀಟಿಯೊಂದನ್ನು ಸದಾ ಜೊತೆಯಲ್ಲಿಟ್ಟುಕೊಳ್ಳಿ.

ಫಿಸಿಯೋಥೆರಪಿಸ್ಟ್

ಏಳು ವಾರಗಳು ಸಣ್ಣ ಅವಧಿಯಲ್ಲ, ಅದನ್ನು ವ್ಯರ್ಥ ಮಾಡಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಶಸ್ತ್ರಚಿಕಿತ್ಸೆಯಾದ ಮೇಲೆ, ತೂಕದ ಜೊತೆಗೆ ತೊಡೆಯ ಸ್ನಾಯುವನ್ನೂ ಕಳೆದುಕೊಂಡ ಮೇಲೆ ಬರುತ್ತಾರೆ. ಆಗ ಹತ್ತಬೇಕಾದ ಏರು ಕಡಿದಾಗಿರುತ್ತದೆ.

ಮಂಡಿಯನ್ನು ಕಾಯುವುದು ತೊಡೆಯ ಮುಂಭಾಗದ ಸ್ನಾಯು. ಹೆಜ್ಜೆ ಊರಿದಾಗಿನ ಹೊಡೆತವನ್ನು ಅದು ಹೀರದಿದ್ದರೆ ಎಲ್ಲವೂ ಸವೆದ ಕೀಲಿನ ಮೇಲೆಯೇ ಬೀಳುತ್ತದೆ. ನಡೆಯಲು ಆಗದಿದ್ದರೂ ಅದನ್ನು ಬಲಪಡಿಸಲು ಸಾಧ್ಯವಿದೆ. ಮಲಗಿಕೊಂಡು ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಹಾಸಿಗೆಗೆ ಒತ್ತಿ ಐದು ಸೆಕೆಂಡು ಹಿಡಿದು ಬಿಡಿ. ಕುರ್ಚಿಯಲ್ಲಿ ಕುಳಿತು ಒಂದು ಕಾಲನ್ನು ನೇರವಾಗಿ ಚಾಚಿ ಹಿಡಿದು, ನಿಧಾನವಾಗಿ ಇಳಿಸಿ. ಪಕ್ಕಕ್ಕೆ ಮಲಗಿ ಮೇಲಿನ ಕಾಲನ್ನು ಎತ್ತುವುದರಿಂದ ಸೊಂಟದ ಪಕ್ಕದ ಸ್ನಾಯು ಗಟ್ಟಿಯಾಗುತ್ತದೆ. ಮಂಡಿನೋವಿನವರು ಇದನ್ನು ಮರೆತೇಬಿಡುತ್ತಾರೆ, ಆದರೆ ಆ ಸ್ನಾಯು ಸೋತರೆ ಪ್ರತಿ ಹೆಜ್ಜೆಗೂ ಮಂಡಿ ಒಳಕ್ಕೆ ವಾಲುತ್ತದೆ. ನೀರಿನಲ್ಲಿ ನಡೆಯುವ ಅವಕಾಶವಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ, ಏಕೆಂದರೆ ಎದೆಮಟ್ಟದ ನೀರು ದೇಹದ ಭಾರದ ಬಹುಭಾಗವನ್ನು ತಾನೇ ಹೊರುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಮಾತ್ರ ಗಾಯಗಳು ಪೂರ್ತಿ ಮಾಗಿವೆ ಎಂದು ವೈದ್ಯರು ಹೇಳುವವರೆಗೆ ನೀರಿಗಿಳಿಯಬಾರದು.

ವ್ಯಾಯಾಮದ ವೇಳೆ ಸ್ವಲ್ಪ ನೋವಾದರೆ ಗಾಬರಿ ಬೇಡ. ಮರುದಿನ ಬೆಳಿಗ್ಗೆಯ ಹೊತ್ತಿಗೆ ನೋವು ಎಂದಿನ ಮಟ್ಟಕ್ಕೆ ಇಳಿದಿದ್ದರೆ ನೀವು ಮಾಡಿದ್ದು ಸರಿಯಾದ ಪ್ರಮಾಣ. ಊತ ಬಂದಿದ್ದರೆ ಅಥವಾ ನೋವು ಹೆಚ್ಚಾಗಿಯೇ ಉಳಿದಿದ್ದರೆ ಪ್ರಮಾಣವನ್ನು ತಗ್ಗಿಸಿ, ನಿಲ್ಲಿಸಬೇಡಿ. ಊರುಗೋಲನ್ನು ಹೆಚ್ಚು ನೋಯುವ ಕಾಲಿನ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ನಿಮಗೆ ಬಲಮಂಡಿ ಹೆಚ್ಚು ಹಾಳಾಗಿರುವುದರಿಂದ ಎಡಗೈಯಲ್ಲಿ ಹಿಡಿಯಿರಿ. ಊರುಗೋಲು ಹಿಡಿಯಲು ಸಂಕೋಚಪಡುವವರನ್ನು ದಿನವೂ ನೋಡುತ್ತೇನೆ, ನೋಡಿ ದುಃಖವಾಗುತ್ತದೆ.

ಇನ್ನೊಂದು ವಿಷಯ. ಶಸ್ತ್ರಚಿಕಿತ್ಸೆಯಾದ ದಿನವೇ ನಿಮ್ಮನ್ನು ಎಬ್ಬಿಸಿ ನಡೆಸುತ್ತಾರೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು. ಹಾಸಿಗೆಯಿಂದ ಏಳುವುದು, ಊರುಗೋಲು ಅಥವಾ ವಾಕರ್ ಬಳಸಿ ಹತ್ತು ಹೆಜ್ಜೆ ಇಡುವುದು, ಇವನ್ನು ಈಗಲೇ ಅಭ್ಯಾಸ ಮಾಡಿ. ನಿಮ್ಮ ಮಂಡಿಯ ಸ್ಥಿತಿಯನ್ನು ಅಲ್ಲಿನ ದಾದಿಯರಿಗೆ ಮೊದಲೇ ತಿಳಿಸಿ. ಆ ದಿನಗಳಲ್ಲಿ ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯತೊಡಗಿದರೆ ಇದು ಹಳೆಯ ಮಂಡಿನೋವೇ ಎಂದು ಸುಮ್ಮನಿರದೆ ಕೂಡಲೇ ತೋರಿಸಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಹೃದಯಪೂರ್ವಕ ಧನ್ಯವಾದಗಳು. ಮನೆಯ ಔಷಧದ ಡಬ್ಬಿಯನ್ನು ಇಂದೇ ತೆಗೆದು ನೋಡಿದೆ. ನೆಗಡಿಗೆಂದು ಇಟ್ಟಿದ್ದ ಮಾತ್ರೆಯಲ್ಲಿಯೂ ಐಬುಪ್ರೊಫೇನ್ ಇತ್ತು! ಉಳಿದದ್ದು ಪ್ಯಾರಾಸಿಟಮಾಲ್ ಒಂದೇ ಎಂದಾದರೆ, ಅದನ್ನು ಎಷ್ಟು ತೆಗೆದುಕೊಳ್ಳಬಹುದು? ಮಂಡಿಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ ಕೂಡ ನಿಷಿದ್ಧವೇ?

ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡುವವರು

ಇಲ್ಲಿ ಬರೆಯುವುದನ್ನು ನಿಮ್ಮ ವೈದ್ಯರ ಮುಂದೆ ಇಡಬೇಕಾದ ಪ್ರಶ್ನೆಗಳ ರೂಪದಲ್ಲಿ ಓದಿಕೊಳ್ಳಿ, ಏಕೆಂದರೆ ನಿಮ್ಮ ಯಕೃತ್ತು, ಮೂತ್ರಪಿಂಡ, ರಕ್ತದೊತ್ತಡ ಯಾವುದೂ ನನಗೆ ಗೊತ್ತಿಲ್ಲ.

ಪ್ಯಾರಾಸಿಟಮಾಲ್‌ಗೆ ಆರೋಗ್ಯವಂತ ವಯಸ್ಕರಲ್ಲಿ ದಿನಕ್ಕೆ ಒಟ್ಟು 4 ಗ್ರಾಂ ಮೇಲ್ಮಿತಿ. ದಿನವೂ ಬಹುಕಾಲ ಸೇವಿಸುವವರಿಗೆ ಅನೇಕ ವೈದ್ಯರು 3 ಗ್ರಾಂ ದಾಟದಂತೆ ಹೇಳುತ್ತಾರೆ. ತೂಕ ಹೆಚ್ಚಿರುವವರಲ್ಲಿ ಯಕೃತ್ತಿನಲ್ಲಿ ಕೊಬ್ಬು ಸೇರಿರುವುದು ಸಾಮಾನ್ಯವಾದ್ದರಿಂದ ನಿಮ್ಮ ಮಿತಿಯನ್ನು ಅವರೇ ನಿರ್ಧರಿಸಲಿ. ಸವೆತದ ನೋವಿಗೆ ಇದರ ಶಕ್ತಿ ಸಾಧಾರಣ ಎಂಬುದನ್ನೂ ಮುಚ್ಚಿಡುವುದಿಲ್ಲ. ನೋವು ಏರಿದ ಮೇಲೆ ನುಂಗುವುದಕ್ಕಿಂತ, ವ್ಯಾಯಾಮಕ್ಕೆ ಅಥವಾ ಓಡಾಟಕ್ಕೆ ಮುಕ್ಕಾಲು ಗಂಟೆ ಮೊದಲು ತೆಗೆದುಕೊಂಡರೆ ಅದರ ಪ್ರಯೋಜನ ಹೆಚ್ಚು.

ಜೆಲ್‌ನ ವಿಷಯ ಬೇರೆ. ಚರ್ಮದ ಮೂಲಕ ರಕ್ತಕ್ಕೆ ಸೇರುವ ಡೈಕ್ಲೋಫೆನಾಕ್‌ನ ಪ್ರಮಾಣ ಮಾತ್ರೆಯಿಂದ ಸೇರುವುದರ ಸುಮಾರು 6 ಶೇಕಡದಷ್ಟು ಮಾತ್ರ. ಆದ್ದರಿಂದ ಬೈಪಾಸ್ ಆದವರಿಗೂ ಕೆಲವು ಶಸ್ತ್ರಚಿಕಿತ್ಸಕರು ಇದನ್ನು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ, ಕೇಳದೆ ಹಚ್ಚಬೇಡಿ. ಚರ್ಮಕ್ಕೆ ಹತ್ತಿರವಿರುವ ಮಂಡಿ ಮತ್ತು ಕೈಬೆರಳುಗಳ ಕೀಲುಗಳಿಗೆ ಅದು ಕೆಲಸ ಮಾಡುತ್ತದೆ, ಆಳದಲ್ಲಿರುವ ಸೊಂಟದ ಕೀಲಿಗೆ ತಲುಪುವುದಿಲ್ಲ. ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ಇರುವ ಮುಲಾಮಿಗೆ ಹೊಟ್ಟೆಯ ಹುಣ್ಣಿನ ಭಯವೇ ಇಲ್ಲ, ಆದರೆ ಮೊದಲ ವಾರ ಉರಿಯುತ್ತದೆ ಮತ್ತು ಕೈ ತೊಳೆಯದೆ ಕಣ್ಣು ಮುಟ್ಟಬಾರದು.

ಸವೆತದ ನೋವಿಗೆ ಡ್ಯುಲೊಕ್ಸೆಟಿನ್ ಎಂಬ ಔಷಧವನ್ನೂ ಕೊಡುತ್ತಾರೆ. ಅದು ನರಗಳು ನೋವನ್ನು ಸಾಗಿಸುವ ಬಗೆಯನ್ನು ತಗ್ಗಿಸುತ್ತದೆ. ಬೈಪಾಸ್ ಆದವರಲ್ಲಿ ಇದು ಕಡಿಮೆ ಹೀರಲ್ಪಡಬಹುದು. ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡಿದ ಎಲ್ಲ ಮಾತ್ರೆಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು: ಅವು ಉದ್ದವಾದ ಕರುಳಿನ ದಾರಿಯನ್ನು ಲೆಕ್ಕಹಾಕಿ ಮಾಡಿದ ಮಾತ್ರೆಗಳು, ನಿಮಗೆ ಆ ದಾರಿ ಗಿಡ್ಡವಾಗಿರುತ್ತದೆ. ಹಾಗೆಂದು ಅವನ್ನು ಪುಡಿಮಾಡಿ ನುಂಗುವುದು ಅಪಾಯ, ಏಕೆಂದರೆ ಇಡೀ ದಿನದ ಔಷಧ ಒಮ್ಮೆಲೇ ಬಿಡುಗಡೆಯಾಗುತ್ತದೆ. ಸಾಮಾನ್ಯ ಮಾತ್ರೆ ಅಥವಾ ದ್ರವರೂಪ ಇದೆಯೇ ಎಂದು ಕೇಳಿ. ಟ್ರಮಡಾಲ್ ಮತ್ತು ಅಫೀಮು ಜಾತಿಯ ಇತರ ನೋವುನಿವಾರಕಗಳನ್ನು ಶಸ್ತ್ರಚಿಕಿತ್ಸೆಯ ಗಾಯದ ಕೆಲವು ದಿನಗಳಿಗೆ ಮೀಸಲಿಡುವುದೇ ಸರಿ. ಮಂಡಿಗೆಂದು ತಿಂಗಳುಗಟ್ಟಲೆ ಮುಂದುವರಿಸಿದರೆ ಚಟವಾಗುತ್ತದೆ, ಮಲಬದ್ಧತೆ ಹೆಚ್ಚುತ್ತದೆ, ನಿದ್ರೆಯಲ್ಲಿ ಉಸಿರು ನಿಲ್ಲುವ ತೊಂದರೆ ಇರುವವರಿಗೆ ಉಸಿರೇ ಕುಂದುತ್ತದೆ.

ಹೃದಯಕ್ಕಾಗಿ ಕಡಿಮೆ ಪ್ರಮಾಣದ ಆಸ್ಪಿರಿನ್ ಸೇವಿಸುತ್ತಿರುವವರು ಈ ಚರ್ಚೆಯನ್ನು ಓದಿ ಅದನ್ನು ತಾವಾಗಿ ನಿಲ್ಲಿಸಬಾರದು ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಅದನ್ನು ಹೃದಯ ವೈದ್ಯರು ಮತ್ತು ಶಸ್ತ್ರಚಿಕಿತ್ಸಕರು ಸೇರಿ ತೀರ್ಮಾನಿಸಬೇಕು.

ಆಮವಾತವಿದ್ದು ಸ್ಲೀವ್ ಮಾಡಿಸಿಕೊಂಡವರು

ನನ್ನದು ಸವೆತವಲ್ಲ, ಆಮವಾತ. ದೇಹದ ರೋಗನಿರೋಧಕ ಶಕ್ತಿ ತನ್ನದೇ ಕೀಲುಗಳ ಮೇಲೆ ತಿರುಗಿಬೀಳುವ ಕಾಯಿಲೆ. ನನ್ನ ಶಸ್ತ್ರಚಿಕಿತ್ಸಕರು ಬೈಪಾಸ್ ಬದಲು ಸ್ಲೀವ್ ಸೂಚಿಸಿದ್ದಕ್ಕೆ ಇದೇ ಕಾರಣ. ಸ್ಲೀವ್‌ನಲ್ಲಿ ಜಠರದ ದೊಡ್ಡ ಭಾಗವನ್ನು ತೆಗೆದು ಕೊಳವೆಯಂತೆ ಉಳಿಸುತ್ತಾರೆ, ಕರುಳಿನ ಜೋಡಣೆ ಇರುವುದಿಲ್ಲ. ಆದ್ದರಿಂದ ಆ ಅಂಚಿನ ಹುಣ್ಣಿನ ಪ್ರಶ್ನೆಯೇ ಏಳುವುದಿಲ್ಲ. ಮುಂದೆ ಎಂದಾದರೂ ಸ್ಟಿರಾಯ್ಡ್ ಅಥವಾ ಉರಿಯೂತದ ಮಾತ್ರೆ ಅನಿವಾರ್ಯವಾದರೆ, ಆಮ್ಲ ತಗ್ಗಿಸುವ ಔಷಧದ ಜೊತೆಗೆ ಕೆಲವು ದಿನ ಕೊಡುವ ದಾರಿ ತೆರೆದಿರುತ್ತದೆ. ಅದನ್ನು ಪೂರ್ಣ ಅನುಮತಿ ಎಂದು ಯಾರೂ ತಿಳಿಯಬಾರದು, ನನ್ನ ವೈದ್ಯರೂ ಆದಷ್ಟು ದೂರವಿರಿ ಎಂದೇ ಹೇಳುತ್ತಾರೆ. ಸ್ಲೀವ್ ನಂತರ ಎದೆಯುರಿ ಹೆಚ್ಚುವ ಸಾಧ್ಯತೆ ಇರುವುದರಿಂದ, ಮೊದಲಿನಿಂದಲೇ ತೀವ್ರ ಎದೆಯುರಿ ಇರುವವರಿಗೆ ಬೈಪಾಸ್ ಮೇಲು ಎನ್ನುತ್ತಾರೆ.

ಆದ್ದರಿಂದ ಪ್ರಶ್ನೆ ಕೇಳಿದವರಲ್ಲಿ ನನ್ನ ವಿನಂತಿ: ನಿಮ್ಮ ಶಸ್ತ್ರಚಿಕಿತ್ಸಕರ ಬಳಿ ಇನ್ನೊಂದು ಭೇಟಿ ಕೇಳಿ ಪಡೆಯಿರಿ, ಆರು ವರ್ಷ ದಿನಕ್ಕೆರಡು ಮಾತ್ರೆ ನುಂಗಿದ್ದನ್ನು ಸ್ಪಷ್ಟವಾಗಿ ಹೇಳಿ, ಬೈಪಾಸನ್ನೇ ಏಕೆ ಆರಿಸಿದ್ದಾರೆಂದು ಕೇಳಿ. ಸಕ್ಕರೆ ಕಾಯಿಲೆ ಅಥವಾ ಎದೆಯುರಿಯ ಕಾರಣವಿದ್ದರೆ ಅವರ ಆಯ್ಕೆ ಸರಿಯಿರಬಹುದು. ಆದರೆ ಕೀಲಿನ ಲೆಕ್ಕವೂ ಆ ತಕ್ಕಡಿಯಲ್ಲಿ ಬಿದ್ದಿರಬೇಕು. ಮೂಳೆ ವೈದ್ಯರು ಮತ್ತು ಹೊಟ್ಟೆಯ ಶಸ್ತ್ರಚಿಕಿತ್ಸಕರು ಒಬ್ಬರನ್ನೊಬ್ಬರು ಮಾತನಾಡಿಸುವುದೇ ಅಪರೂಪ. ಇಬ್ಬರ ನಡುವೆ ಮಾತು ಸಾಗಿಸುವ ಕೆಲಸ ರೋಗಿಯ ಮೇಲೆ ಬೀಳುತ್ತದೆ. ಇದು ಸರಿಯಲ್ಲ, ಆದರೆ ನಾನು ಅದನ್ನು ಮಾಡಿದ್ದರಿಂದಲೇ ನನಗೆ ಒಳಿತಾಯಿತು.

ಆಮವಾತದವರಿಗೆ ಎರಡು ಮಾತು. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಸೇವಿಸುವ ಔಷಧ, ಅದರ ಜೊತೆ ಫೋಲಿಕ್ ಆಮ್ಲ ಬೇಕು. ಶಸ್ತ್ರಚಿಕಿತ್ಸೆಯ ಸುತ್ತಮುತ್ತ ಅದನ್ನು ಮತ್ತು ಚುಚ್ಚುಮದ್ದಿನ ಜೈವಿಕ ಔಷಧಗಳನ್ನು ಎಂದು ನಿಲ್ಲಿಸಬೇಕು, ಎಂದು ಮತ್ತೆ ಆರಂಭಿಸಬೇಕು ಎಂಬುದನ್ನು ಸಂಧಿವಾತ ತಜ್ಞರಿಂದ ಬರವಣಿಗೆಯಲ್ಲಿ ಪಡೆಯಿರಿ. ಬಹುಕಾಲ ಸ್ಟಿರಾಯ್ಡ್ ಮಾತ್ರೆ ಸೇವಿಸಿದವರು ಅದನ್ನು ದಿಢೀರನೆ ಬಿಡುವುದು ಜೀವಕ್ಕೇ ಅಪಾಯ.

ಅಪ್ಪನ ಆರೈಕೆ ಮಾಡುತ್ತಿರುವವರು

ಗೌಟ್, ಅಂದರೆ ಯೂರಿಕ್ ಆಮ್ಲ ಕೀಲಿನಲ್ಲಿ ಹರಳುಗಟ್ಟಿ ನೋವು ತರುವ ಕಾಯಿಲೆ, ಇರುವವರ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಚಿಕ್ಕದಾಗಿ ತಿಳಿಸುತ್ತೇನೆ. ಅಪ್ಪನಿಗೆ ಸ್ಲೀವ್ ಆದ ಒಂಬತ್ತನೆಯ ದಿನ ಕಾಲಿನ ಹೆಬ್ಬೆರಳು ಕೆಂಪಾಗಿ ಊದಿ, ಹೊದಿಕೆ ತಾಗಿದರೂ ಕೂಗುವಷ್ಟು ನೋವಾಯಿತು. ವೇಗವಾಗಿ ತೂಕ ಇಳಿಯುವಾಗ ದೇಹದ ಜೀವಕೋಶಗಳು ಕರಗುವುದು, ನೀರು ಕಡಿಮೆ ಕುಡಿಯುವುದು, ಉಪವಾಸದ ಸ್ಥಿತಿಯಲ್ಲಿ ಮೂತ್ರಪಿಂಡ ಯೂರಿಕ್ ಆಮ್ಲವನ್ನು ಸರಿಯಾಗಿ ಹೊರಹಾಕದಿರುವುದು, ಎಲ್ಲವೂ ಸೇರಿ ಮೊದಲ ತಿಂಗಳುಗಳಲ್ಲಿ ಗೌಟ್ ಕೆರಳುತ್ತದೆ ಎಂದು ವೈದ್ಯರು ವಿವರಿಸಿದರು. ಯೂರಿಕ್ ಆಮ್ಲ ತಗ್ಗಿಸುವ ಅಲೋಪ್ಯೂರಿನಾಲ್ ಮಾತ್ರೆಯನ್ನು ನಾವು ಶಸ್ತ್ರಚಿಕಿತ್ಸೆಯ ಗದ್ದಲದಲ್ಲಿ ನಿಲ್ಲಿಸಿಬಿಟ್ಟಿದ್ದೆವು, ಅದು ನಮ್ಮ ತಪ್ಪು. ಕಾಲ್ಚಿಸಿನ್‌ನಿಂದ ಶಮನವಾಯಿತು, ಸ್ವಲ್ಪ ಭೇದಿಯೂ ಆಯಿತು. ವರ್ಷ ತುಂಬುವ ಹೊತ್ತಿಗೆ ಯೂರಿಕ್ ಆಮ್ಲ ಮೊದಲಿಗಿಂತ ಕೆಳಗಿಳಿದಿತ್ತು. ಒಂದು ಎಚ್ಚರಿಕೆ: ಒಂದೇ ಕೀಲು ಕೆಂಪಾಗಿ ಊದಿ ಜೊತೆಗೆ ಜ್ವರ ಬಂದರೆ ಅದು ಗೌಟ್ ಎಂದು ತಾವೇ ತೀರ್ಮಾನಿಸದೆ ಆಸ್ಪತ್ರೆಗೆ ಹೋಗಬೇಕು, ಏಕೆಂದರೆ ಕೀಲಿನೊಳಗಿನ ಸೋಂಕೂ ಹಾಗೆಯೇ ಕಾಣುತ್ತದೆ.

ಹೊಸ ಓದುಗರು

ನನ್ನ ತಾಯಿಗೂ ಇದೇ ಸ್ಥಿತಿ. ಮಂಡಿಯನ್ನೇ ಮೊದಲು ಬದಲಿಸಿಬಿಟ್ಟರೆ ಚೆನ್ನಾಗಿ ನಡೆದು ತೂಕ ಇಳಿಸಿಕೊಳ್ಳಬಹುದಲ್ಲವೇ? ಹೊಟ್ಟೆಯ ಶಸ್ತ್ರಚಿಕಿತ್ಸೆ ಮೊದಲು ಏಕೆ?

ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡುವವರು

ಮಂಡಿ ಬದಲಿಸಿದ ಮಾತ್ರಕ್ಕೆ ತೂಕ ತಾನಾಗಿ ಇಳಿಯುವುದು ಹೆಚ್ಚಿನವರಲ್ಲಿ ಕಂಡುಬರುವುದಿಲ್ಲ. ಇದರ ಬಗ್ಗೆ ಆಸ್ಟ್ರೇಲಿಯಾದಲ್ಲಿ ನಡೆದು 2022ರಲ್ಲಿ ಪ್ರಕಟವಾದ ಒಂದು ಪ್ರಯೋಗವಿದೆ. ಮಂಡಿ ಬದಲಾವಣೆಗೆ ಕಾಯುತ್ತಿದ್ದ 82 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮೊದಲು ಜಠರಕ್ಕೆ ಬ್ಯಾಂಡ್ ಹಾಕುವ ಶಸ್ತ್ರಚಿಕಿತ್ಸೆ ಮಾಡಿದರು. ಆ ಗುಂಪಿನಲ್ಲಿ ತೊಡಕುಗಳು ಕಡಿಮೆಯಿದ್ದವು, ಅಷ್ಟೇ ಅಲ್ಲದೆ ಸುಮಾರು 29 ಶೇಕಡ ಮಂದಿ ನೋವು ತಗ್ಗಿದ್ದರಿಂದ ಮಂಡಿ ಬದಲಾವಣೆಯೇ ಬೇಡವೆಂದರು. ಬೇರಿಯಾಟ್ರಿಕ್ (ತೂಕ ಇಳಿಸುವ) ಶಸ್ತ್ರಚಿಕಿತ್ಸಕರ ಅಮೆರಿಕದ ಮತ್ತು ಅಂತಾರಾಷ್ಟ್ರೀಯ ಸಂಘಟನೆಗಳು 2022ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿಯೂ, ಬಿಎಂಐ 35 ದಾಟಿದ ಎಲ್ಲರಿಗೂ ಈ ಶಸ್ತ್ರಚಿಕಿತ್ಸೆಯನ್ನು ಸೂಚಿಸುವುದರ ಜೊತೆಗೆ, ಕೀಲು ಬದಲಾವಣೆಗೆ ಮುಂಚಿನ ಮೆಟ್ಟಿಲಾಗಿ ಅದನ್ನು ಬಳಸಬಹುದೆಂದು ಹೇಳಲಾಗಿದೆ.

ಆದರೆ ಇದರ ಮತ್ತೊಂದು ಮುಖವನ್ನೂ ಹೇಳಬೇಕು. ಬಿಎಂಐ ಇಷ್ಟಕ್ಕೆ ಇಳಿಯುವವರೆಗೆ ಮಂಡಿ ಬದಲಿಸುವುದಿಲ್ಲ ಎಂಬ ಕಟ್ಟುನಿಟ್ಟಾದ ಗೆರೆಗಾಗಿ ಕಾಯಿಸಬಾರದು ಎಂದು ಅಮೆರಿಕದ ಸಂಧಿವಾತ ತಜ್ಞರ ಮತ್ತು ಕೀಲು ಶಸ್ತ್ರಚಿಕಿತ್ಸಕರ ಸಂಘಗಳು 2023ರಲ್ಲಿ ಸಲಹೆ ನೀಡಿವೆ. ನಿಮ್ಮ ತಾಯಿಯ ಮಂಡಿ ಪೂರ್ತಿ ಹಾಳಾಗಿದ್ದು, ಅವರಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಬೇಡವೆನಿಸಿದರೆ, ಅವರನ್ನು ನೋವಿನಲ್ಲಿ ವರ್ಷಗಟ್ಟಲೆ ಕೂರಿಸುವುದು ನ್ಯಾಯವಲ್ಲ. ಈಗ ಔಷಧದ ದಾರಿಯೂ ಇದೆ: ಬೊಜ್ಜು ಮತ್ತು ಮಂಡಿ ಸವೆತ ಎರಡೂ ಇದ್ದ 407 ಮಂದಿಯ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವಾರಕ್ಕೊಮ್ಮೆಯ ಸೆಮಾಗ್ಲುಟೈಡ್ ಚುಚ್ಚುಮದ್ದು ತೂಕವನ್ನೂ ನೋವನ್ನೂ ಗಣನೀಯವಾಗಿ ತಗ್ಗಿಸಿತು.

ತೂಕ ಇಳಿದರೂ ನೋವು ಉಳಿದವರು

ಸಂತೋಷದ ಸುದ್ದಿಗಳ ನಡುವೆ ನನ್ನ ಅನುಭವವನ್ನೂ ಬರೆಯುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ. ಮೂರು ವರ್ಷಗಳಲ್ಲಿ 41 ಕಿಲೋ ಇಳಿಸಿದ್ದೇನೆ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ತಗ್ಗುತ್ತದೆ ಎಂದು 2005ರ ಅಧ್ಯಯನವೊಂದು ತೋರಿಸಿದೆ. ಅದನ್ನು ನಂಬಿ ನನ್ನ ನೋವು ಪೂರ್ತಿ ಹೋಗುತ್ತದೆಂದು ಕಾದಿದ್ದೆ. ಎಡಮಂಡಿ ಹಗುರವಾಯಿತು, ಕೈಬೆರಳುಗಳ ಗಂಟುನೋವು ಕೂಡ ಕಡಿಮೆಯಾಯಿತು. ಬೆರಳುಗಳು ಮೈಭಾರ ಹೊರುವುದಿಲ್ಲವಲ್ಲ ಎಂದು ಕೇಳಿದಾಗ, ಕೊಬ್ಬಿನ ಅಂಗಾಂಶವೇ ಉರಿಯೂತ ಹೆಚ್ಚಿಸುವ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತದೆ, ಅದು ಕರಗಿದಾಗ ಉರಿಯೂತವೂ ತಗ್ಗುತ್ತದೆ ಎಂದು ವೈದ್ಯರು ಹೇಳಿದರು. ಆದರೆ ಬಲಮಂಡಿ ಹಾಗೆಯೇ ಉಳಿಯಿತು. ಆ ಕಾಲು ಬಿಲ್ಲಿನಂತೆ ಬಾಗಿಬಿಟ್ಟಿದೆ, ಭಾರವೆಲ್ಲ ಒಳಬದಿಗೇ ಬೀಳುತ್ತದೆ. ಹೋದ ಮೃದ್ವಸ್ಥಿ ಮತ್ತೆ ಬೆಳೆಯುವುದಿಲ್ಲ.

ಎರಡನೆಯ ವರ್ಷದಲ್ಲಿ ಮತ್ತೊಂದು ಬಗೆಯ ನೋವು ಸೇರಿಕೊಂಡಿತು; ಸೊಂಟ, ಮೊಣಕಾಲಿನ ಕೆಳಗಿನ ಮೂಳೆ, ಪಕ್ಕೆಲುಬು, ಒತ್ತಿದಲ್ಲೆಲ್ಲ ನೋವು. ಸವೆತವೇ ಹರಡುತ್ತಿದೆ ಎಂದುಕೊಂಡು ಆರು ತಿಂಗಳು ಸಹಿಸಿದೆ. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ ತೀರಾ ಕಡಿಮೆಯಿದ್ದು, ಪ್ಯಾರಾಥೈರಾಯ್ಡ್ ಹಾರ್ಮೋನ್ ಏರಿತ್ತು. ಅಂದರೆ ದೇಹ ನನ್ನ ಮೂಳೆಗಳಿಂದಲೇ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತಿತ್ತು. ಮಾತ್ರೆಗಳನ್ನು ಮೊದಲ ವರ್ಷದ ನಂತರ ನಾನೇ ಸಡಿಲಬಿಟ್ಟಿದ್ದೆ. ಬೈಪಾಸ್ ಆದವರಿಗೆ ದಿನಕ್ಕೆ 1200 ರಿಂದ 1500 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, ಆಮ್ಲದ ನೆರವಿಲ್ಲದೆಯೂ ಹೀರಲ್ಪಡುವ ಸಿಟ್ರೇಟ್ ರೂಪದಲ್ಲಿದ್ದರೆ ಉತ್ತಮ, ಮತ್ತು ಒಮ್ಮೆಗೇ ನುಂಗದೆ 500–600 ಮಿಲಿಗ್ರಾಂನಂತೆ ಹಂಚಿಕೊಳ್ಳಬೇಕು, ಕಬ್ಬಿಣದ ಮಾತ್ರೆಯಿಂದ ಎರಡು ಗಂಟೆ ಅಂತರವಿರಬೇಕು. ಸರಿಪಡಿಸಿಕೊಂಡ ನಾಲ್ಕೈದು ತಿಂಗಳಲ್ಲಿ ಮೂಳೆನೋವು ಹೋಯಿತು. ಶಸ್ತ್ರಚಿಕಿತ್ಸೆಯ ನಂತರ ಬರುವ ಪ್ರತಿ ಹೊಸ ನೋವನ್ನೂ ಹಳೆಯ ಸಂಧಿವಾತದ ಲೆಕ್ಕಕ್ಕೆ ಬರೆಯಬೇಡಿ.

ಬಲಮಂಡಿಯನ್ನು ಮುಂದಿನ ತಿಂಗಳು ಬದಲಿಸುತ್ತಿದ್ದಾರೆ. ತೂಕ ಒಂದು ಮಟ್ಟಕ್ಕೆ ನಿಂತ ಮೇಲೆ, ರಕ್ತಹೀನತೆ ಮತ್ತು ಪ್ರೋಟೀನ್ ಕೊರತೆ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ದಿನ ಗೊತ್ತುಮಾಡಿದರು. ಕೀಲಿನೊಳಗೆ ಸ್ಟಿರಾಯ್ಡ್ ಚುಚ್ಚುಮದ್ದು ಹಾಕಿಸಿಕೊಂಡಿದ್ದರೆ ಮೂರು ತಿಂಗಳು ಕಳೆದಿರಬೇಕು, ಇಲ್ಲವಾದರೆ ಸೋಂಕಿನ ಭಯವಿರುತ್ತದೆ ಎಂದರು. ಆ ಚುಚ್ಚುಮದ್ದು ನನಗೆ ಎರಡು ಬಾರಿ ಒಂದೆರಡು ತಿಂಗಳಿನ ಬಿಡುವು ಕೊಟ್ಟಿತ್ತು. ಸಕ್ಕರೆ ಕಾಯಿಲೆಯವರಿಗೆ ಅದರಿಂದ ಕೆಲವು ದಿನ ಸಕ್ಕರೆ ಏರುತ್ತದೆ.

ಪ್ರಶ್ನೆ ಕೇಳಿದವರು

ಐದು ತಿಂಗಳ ನಂತರ ಬರೆಯುತ್ತಿದ್ದೇನೆ. ನಿಮ್ಮೆಲ್ಲರ ಮಾತಿನಂತೆ ಎರಡನೆಯ ಭೇಟಿಗೆ ಹೋದೆ. ನನಗೆ ತೀವ್ರ ಎದೆಯುರಿಯೂ ಸಕ್ಕರೆ ಕಾಯಿಲೆಯೂ ಇರುವುದರಿಂದ ಬೈಪಾಸನ್ನೇ ಉಳಿಸಿಕೊಂಡರು, ಆದರೆ ಈ ಬಾರಿ ಕಾರಣಗಳನ್ನು ಕೂರಿಸಿಕೊಂಡು ಹೇಳಿದರು, ಮೂಳೆ ವೈದ್ಯರಿಗೆ ಪತ್ರವನ್ನೂ ಬರೆದುಕೊಟ್ಟರು. ಡೈಕ್ಲೋಫೆನಾಕ್ ಅನ್ನು ಕೊನೆಯ ವಾರದವರೆಗೆ ಎಳೆಯದೆ ಐದು ವಾರ ಮೊದಲೇ ಬಿಟ್ಟೆ, ಅದಿಲ್ಲದ ನೋವು ಹೇಗಿರುತ್ತದೆಂದು ಮನೆಯಲ್ಲಿರುವಾಗಲೇ ತಿಳಿಯಲೆಂದು. ಮೊದಲ ಹತ್ತು ದಿನ ಅತ್ತುಬಿಟ್ಟಿದ್ದೇನೆ. ಬಲಮಂಡಿಗೆ ಒಂದು ಚುಚ್ಚುಮದ್ದು, ಸಮಯ ನೋಡಿ ಪ್ಯಾರಾಸಿಟಮಾಲ್, ಶಸ್ತ್ರಚಿಕಿತ್ಸಕರ ಒಪ್ಪಿಗೆಯಿಂದ ಜೆಲ್, ದಿನಕ್ಕೆರಡು ಬಾರಿ ಟವೆಲ್ ವ್ಯಾಯಾಮ, ಇವುಗಳಿಂದ ನಿಭಾಯಿಸಿದೆ.

ಈಗ 91 ಕಿಲೋ. ಮೆಟ್ಟಿಲನ್ನು ಒಂದೊಂದೇ ಕಾಲಿನಿಂದ ಹತ್ತುತ್ತೇನೆ, ಮೊದಲು ಎರಡೂ ಪಾದಗಳನ್ನು ಒಂದೇ ಮೆಟ್ಟಿಲಲ್ಲಿ ಜೋಡಿಸಬೇಕಿತ್ತು. ರಾತ್ರಿ ನೋವಿನಿಂದ ಏಳುವುದು ನಿಂತಿದೆ. ಬಲಮಂಡಿ ಇಳಿಜಾರಿನಲ್ಲಿ ಇನ್ನೂ ನೋಯುತ್ತದೆ. ದಿನಕ್ಕೆ 60 ಗ್ರಾಂ ಪ್ರೋಟೀನ್ ಮುಟ್ಟುವುದು ಕಷ್ಟವಾಗುತ್ತಿದೆ, ಅದಿಲ್ಲದ ದಿನ ತೊಡೆ ನಡುಗುವುದು ಗೊತ್ತಾಗುತ್ತದೆ.

ಒಂದು ಹೊಸ ತೊಂದರೆ: ಎರಡು ವಾರಗಳಿಂದ ಎಡಪಾದದ ಮುಂಭಾಗ ಜೋಮು ಹಿಡಿದಂತಿದೆ, ನಡೆಯುವಾಗ ಪಾದದ ತುದಿ ನೆಲಕ್ಕೆ ಎಡವುತ್ತದೆ. ಮಂಡಿಯಿಂದ ಬಂದದ್ದೇ ಇದು?

ಫಿಸಿಯೋಥೆರಪಿಸ್ಟ್

ಇದನ್ನು ಈ ವಾರವೇ ವೈದ್ಯರಿಗೆ ತೋರಿಸಿ, ತಡಮಾಡಬೇಡಿ. ಮಂಡಿಯ ಹೊರಬದಿಯಲ್ಲಿ, ಮೂಳೆಯ ಗುಬ್ಬಿಯ ಮೇಲೆಯೇ ಒಂದು ನರ ಹಾದುಹೋಗುತ್ತದೆ. ಅದರ ಸುತ್ತಲಿನ ಕೊಬ್ಬಿನ ಮೆತ್ತೆ ವೇಗವಾಗಿ ಕರಗಿದಾಗ, ಕಾಲ ಮೇಲೆ ಕಾಲು ಹಾಕಿ ಕೂರುವುದರಿಂದ ಆ ನರ ಒತ್ತಲ್ಪಟ್ಟು ಪಾದ ಎತ್ತುವ ಶಕ್ತಿ ಕುಂದುತ್ತದೆ. ವಿಟಮಿನ್ ಬಿ12 ಅಥವಾ ಥಯಾಮಿನ್ ಕೊರತೆಯಿಂದಲೂ ನರಗಳು ಸೊರಗಬಹುದು, ವಾಂತಿ ಆಗುತ್ತಿದ್ದರೆ ಅದನ್ನು ಖಂಡಿತ ಹೇಳಿ. ನೋಡಿಸಿಕೊಳ್ಳುವವರೆಗೆ ಕಾಲ ಮೇಲೆ ಕಾಲು ಹಾಕಬೇಡಿ, ಮಂಡಿಪಟ್ಟಿ ಬಿಗಿಯಾಗಿದ್ದರೆ ತೆಗೆದಿಡಿ, ಊರುಗೋಲನ್ನು ಮತ್ತೆ ಹಿಡಿಯಿರಿ.

ಪ್ರಶ್ನೆ ಕೇಳಿದವರು

ತೋರಿಸಿಕೊಂಡು ಬಂದೆ. ನರದ ಒತ್ತಡವೇ ಎಂದು ಪರೀಕ್ಷೆಯಲ್ಲಿ ಗೊತ್ತಾಯಿತು, ಬಿ12 ಸರಿಯಾಗಿದೆ. ದಪ್ಪಗಿದ್ದಾಗ ಕಾಲ ಮೇಲೆ ಕಾಲು ಹಾಕಲು ಆಗುತ್ತಿರಲಿಲ್ಲ, ಆಗತೊಡಗಿದ ಮೇಲೆ ಇಡೀ ದಿನ ಹಾಗೆಯೇ ಕೂರುತ್ತಿದ್ದೆ. ಹಳೆಯ ಅಳತೆಯ ಮಂಡಿಪಟ್ಟಿಯನ್ನು ಸಡಿಲವಾಯಿತೆಂದು ಬಿಗಿದು ಕಟ್ಟುತ್ತಿದ್ದುದೂ ಒಂದು ಕಾರಣವಂತೆ. ಪಾದ ಎತ್ತಿಹಿಡಿಯುವ ಆಧಾರವೊಂದನ್ನು ಕೊಟ್ಟಿದ್ದಾರೆ, ಆರು ವಾರಗಳ ನಂತರ ಮತ್ತೆ ಪರೀಕ್ಷಿಸುತ್ತಾರೆ.